ಗೋಳಗುಮ್ಮಟದ ಮೆಟ್ಟಿಲಲ್ಲಿ ಫ್ಲ್ಯಾಶ್ ಯಾಕೆ ಬೇಡ?

ಹಳೇ ಕಟ್ಟಡಗಳ ಒಳಗೆ ಫೋಟೊ ತೆಗೆದ್ರೆ ಒಂದೋ ಎಲ್ಲ ಕಪ್ಪು, ಇಲ್ಲಾ ಕಿಟಕಿ ಪೂರ್ತಿ ಬಿಳಿ. ಈ ತೊಂದರೆ ನಿಮಗೂ ಆಗಿರುತ್ತೆ. ಇವತ್ತಿನ ಎಪಿಸೋಡ್ ಇದರ ಬಗ್ಗೆ. ಉದಾಹರಣೆಗೆ ನಮ್ಮ ವಿಜಯಪುರದ ಗೋಳಗುಮ್ಮಟವನ್ನೇ ತಗೊಳ್ತೀನಿ, ಅದರಲ್ಲೂ ಅದರ ಮೂಲೆ ಗೋಪುರಗಳನ್ನ.

ಮೊದಲು ಕಟ್ಟಡದ ಪರಿಚಯ ಮಾಡ್ಕೊಳ್ಳೋಣ. ಇದು ಮಹಮ್ಮದ್ ಆದಿಲ್ ಶಾನ ಸಮಾಧಿ. ಅವನು ತೀರಿಕೊಂಡಿದ್ದು 1656ರಲ್ಲಿ. ಚೌಕಾಕಾರದ ದೊಡ್ಡ ಹಜಾರ, ಮೇಲೆ ಒಂದೇ ಗುಮ್ಮಟ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಇಷ್ಟು ದೊಡ್ಡ ಭಾರ ಹೊರೋಕೆ ಹಜಾರದ ನಡುವೆ ಒಂದು ಕಂಬವೂ ಇಲ್ಲ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ತಿರುಗಿಸಿ ಇಟ್ಟ ಹಾಗೆ ಎಂಟು ಕಮಾನುಗಳು ಒಂದನ್ನೊಂದು ದಾಟಿ ಹೋಗ್ತವೆ. ಅವೇ ಆ ಭಾರವನ್ನು ಗೋಡೆಗೆ ಇಳಿಸ್ತವೆ. ನಾಲ್ಕು ಮೂಲೆಯಲ್ಲಿ ಏಳು ಅಂತಸ್ತಿನ ಎಂಟು ಮೂಲೆಯ ಗೋಪುರಗಳು. ಮೇಲಿನ ಪಿಸುಗುಟ್ಟುವ ಗ್ಯಾಲರಿಗೆ ಹೋಗಬೇಕಾದ್ರೆ ಗೋಪುರದ ಕಡಿದಾದ ಮೆಟ್ಟಿಲನ್ನೇ ಹತ್ತಬೇಕು.

ಹೆಚ್ಚಿನವರು ಈ ಮೆಟ್ಟಿಲನ್ನ ಬರೀ ದಾರಿ ಅಂದ್ಕೊಳ್ತಾರೆ. ಬೇಗ ಹತ್ತಬೇಕು, ಮೇಲೆ ಹೋಗಿ ಕೂಗಬೇಕು, ಪ್ರತಿಧ್ವನಿ ಎಷ್ಟು ಸಲ ಬಂತು ಅಂತ ಎಣಿಸಬೇಕು. ನನಗೆ ಕೇಳಿದ್ರೆ ಫೋಟೊ ಇರೋದು ಈ ದಾರಿಯಲ್ಲೇ. ಕತ್ತಲಲ್ಲಿ ಸ್ವಲ್ಪ ಹತ್ತಿದ್ರೆ ಒಂದು ಅಂತಸ್ತು, ಅಲ್ಲಿ ಕಮಾನಿನ ಕಿಂಡಿಗಳಿಂದ ಬೆಳಕು. ಮತ್ತೆ ಕತ್ತಲು, ಮತ್ತೆ ಬೆಳಕು. ಪ್ರತಿ ಅಂತಸ್ತಿಗೂ ಊರು ಸ್ವಲ್ಪ ಕೆಳಗೆ ಹೋಗಿರುತ್ತೆ. ಬೆಳಗ್ಗೆ ಬಾಗಿಲು ತೆಗೆದ ಹೊತ್ತಿಗೆ ಹೋದ್ರೆ ಸೂರ್ಯ ಇನ್ನೂ ಕೆಳಗಿರ್ತಾನೆ, ಪೂರ್ವದ ಕಿಂಡಿಗಳಿಂದ ಬಿಸಿಲು ಓರೆಯಾಗಿ ಒಳಗೆ ಚಾಚುತ್ತೆ. ಓರೆ ಬೆಳಕಲ್ಲಿ ಕಲ್ಲಿನ ಏರಿಳಿತ, ಗಾರೆಯ ಬಿರುಕು, ಎಷ್ಟೋ ಕಾಲ್ಗಳು ತುಳಿದು ಸವೆದ ಅಂಚು ಎಲ್ಲ ಎದ್ದು ಕಾಣುತ್ತೆ. ಮಧ್ಯಾಹ್ನ ಸೂರ್ಯ ನೆತ್ತಿ ಮೇಲಿದ್ದಾಗ ಇದು ಸಿಗಲ್ಲ.

ಇನ್ನು ಕ್ಯಾಮೆರಾ ಯಾಕೆ ಸೋಲುತ್ತೆ ಅಂತ ನೋಡೋಣ. ನಾನು ಕಾಮರ್ಸ್ ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. ಹೊರಗಿನ ನೇರ ಬಿಸಿಲು ಹತ್ತಿರ ಹತ್ತಿರ 1 ಲಕ್ಷ ಲಕ್ಸ್. ಲಕ್ಸ್ ಅಂದ್ರೆ ಬೆಳಕನ್ನ ಅಳೆಯೋ ಮಾಪನ. ಮೆಟ್ಟಿಲ ಮೇಲೆ 10 ಲಕ್ಸ್ ಇದೆ ಅಂದ್ಕೊಳ್ಳಿ. ಅಂದ್ರೆ ಹತ್ತು ಸಾವಿರ ಪಟ್ಟು ವ್ಯತ್ಯಾಸ. ಫೋಟೊಗ್ರಫಿಯಲ್ಲಿ ಬೆಳಕು ಎರಡು ಪಟ್ಟು ಆದ್ರೆ ಒಂದು ಸ್ಟಾಪ್ ಅಂತಾರೆ. ಆ ಲೆಕ್ಕದಲ್ಲಿ ಇದು 13 ಸ್ಟಾಪ್‌ಗಿಂತ ಜಾಸ್ತಿ. ಒಂದೇ ಕ್ಲಿಕ್‌ನಲ್ಲಿ ಎರಡನ್ನೂ ಸರಿಯಾಗಿ ಹಿಡಿಯೋದು ಫೋನಿನ ಚಿಕ್ಕ ಸೆನ್ಸರ್‌ಗೆ ಕಷ್ಟ. ಅದಕ್ಕೇ ಫೋನು ಹಲವು ಫೋಟೊ ತೆಗೆದು ಸೇರಿಸುತ್ತೆ. ಎಚ್‌ಡಿಆರ್, ನೈಟ್ ಮೋಡ್ ಎಲ್ಲ ಇದೇ ಉಪಾಯ.

ಉಪಾಯ ಒಳ್ಳೇದೇ. ಆದ್ರೆ ಫಲಿತಾಂಶ ನೋಡಿ, ಕತ್ತಲ ಮೆಟ್ಟಿಲು ಆಫೀಸಿನ ಕಾರಿಡಾರ್ ಥರ ಕಾಣುತ್ತೆ. ಹತ್ತಿದವರಿಗೆ ಆದ ಅನುಭವ ಫೋಟೊದಲ್ಲಿ ಇರೋದೇ ಇಲ್ಲ. ಹಾಗಾಗಿ ನೈಟ್ ಮೋಡ್ ಆಫ್ ಮಾಡಿ. ಸ್ಕ್ರೀನಿನಲ್ಲಿ ಬೆಳಕು ಬಿದ್ದಿರೋ ಗೋಡೆಯ ಅಂಚನ್ನ ಮುಟ್ಟಿ, ಎಕ್ಸ್‌ಪೋಷರ್ ಸ್ವಲ್ಪ ಕೆಳಗೆ ಎಳೀರಿ. ಕಿಂಡಿಯನ್ನೇ ಮುಟ್ಟಿದ್ರೆ ಒಳಗೆಲ್ಲ ಮಸಿ, ಮೆಟ್ಟಿಲು ಮುಟ್ಟಿದ್ರೆ ಕಿಂಡಿ ಬರೀ ಬಿಳಿ ಕಾಗದ. ನಡುವಿನ ಗೋಡೆ ಹಿಡಿದ್ರೆ ಬೆಳಕು ಹೇಗೆ ಕರಗ್ತಾ ಹೋಗುತ್ತೆ ಅನ್ನೋದು ಕಾಣುತ್ತೆ. ಮೂಲೆ ಕಪ್ಪಾಗಿಯೇ ಉಳಿಯಲಿ, ಪರವಾಗಿಲ್ಲ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಅದರ ಬದಲು ಅಂತಸ್ತಿನಲ್ಲಿ ನಿಂತು ಭುಜವನ್ನ ಗೋಡೆಗೆ ಒರಗಿಸಿ, ಉಸಿರು ಬಿಟ್ಟು ಕ್ಲಿಕ್ ಮಾಡಿ. ಕೈ ಅಲುಗೋದು ಕಡಿಮೆಯಾಗುತ್ತೆ.

ಇನ್ನು ಫ್ಲ್ಯಾಶ್ ವಿಷಯ. ಫ್ಲ್ಯಾಶ್ ಹಾಕಿದ್ರೆ ಓರೆ ಬೆಳಕಿನ ಆಟ ಅಳಿಸಿ ಹೋಗುತ್ತೆ, ಗೋಡೆ ಚಪ್ಪಟೆ ಆಗುತ್ತೆ. ಇದು ಫೋಟೊದ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಬಿಸಿಲಿಂದ ಕತ್ತಲಿಗೆ ಬಂದಾಗ ಕಣ್ಣು ಹೊಂದಿಕೊಳ್ಳೋಕೆ ಹಲವು ನಿಮಿಷ ಬೇಕು, ಪೂರ್ತಿ ಹೊಂದಿಕೊಳ್ಳೋಕೆ ಅರ್ಧ ಗಂಟೆ ಹತ್ತಿರ ಆಗುತ್ತೆ. ನಿಮ್ಮ ಎದುರು ಇಳಿದು ಬರ್ತಿರೋ ಅಜ್ಜಿ ಅಷ್ಟರಲ್ಲಿ ಹೇಗೋ ಮೆಟ್ಟಿಲ ಅಂಚು ಗುರುತಿಸೋಕೆ ಶುರು ಮಾಡಿರ್ತಾರೆ. ನೀವು ಒಂದು ಫ್ಲ್ಯಾಶ್ ಹೊಡೆದ್ರೆ ಅವರಿಗೆ ಮುಂದಿನ ಮೆಟ್ಟಿಲು ಕಾಣಲ್ಲ.

ಇದು ಸಣ್ಣ ಮಾತು ಅನ್ನಿಸಬಹುದು. ಗೋಪುರದೊಳಗೆ ಬೆಳಕು ಕೈಕೊಟ್ರೆ ಏನಾಗುತ್ತೆ ಅನ್ನೋದಕ್ಕೆ ದಿಲ್ಲಿಯಲ್ಲಿ ಒಂದು ಉದಾಹರಣೆ ಇದೆ. ಕುತುಬ್ ಮಿನಾರ್ 72.5 ಮೀಟರ್ ಎತ್ತರ, ಒಳಗೆ 379 ಮೆಟ್ಟಿಲು. ಒಂದು ಕಾಲದಲ್ಲಿ ಸಾರ್ವಜನಿಕರು ಒಳಗೆ ಹತ್ತಬಹುದಿತ್ತು. 1981ರ ಡಿಸೆಂಬರ್ 4ರಂದು ಒಳಗೆ ಜನ ಇದ್ದಾಗ ಕರೆಂಟ್ ಹೋಯ್ತು. ಕಿರಿದಾದ ಸುತ್ತು ಮೆಟ್ಟಿಲು, ಕತ್ತಲು, ಗಾಬರಿ, ನೂಕುನುಗ್ಗಲು. 45 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಶಾಲಾ ಮಕ್ಕಳು. ಆಮೇಲೆ ಮಿನಾರಿನ ಒಳಗೆ ಸಾರ್ವಜನಿಕರಿಗೆ ಪ್ರವೇಶ ನಿಂತುಹೋಯ್ತು. ನನ್ನ ವಯಸ್ಸು ಮೂವತ್ತರ ಒಳಗೆ. ನಾವು ಹುಟ್ಟೋ ಮೊದಲೇ ಆ ಬಾಗಿಲು ಮುಚ್ಚಿತ್ತು. ಕುತುಬ್ ಮಿನಾರ್ ಅಂದ್ರೆ ನಮ್ಮ ಪೀಳಿಗೆಗೆ ಹೊರಗಿಂದ ನೋಡೋ ಒಂದು ಕಂಬ ಅಷ್ಟೇ. ಅದರ ಒಳಗಿನ ಬೆಳಕು ಹೇಗಿರುತ್ತೆ ಅಂತ ಹೋಗಿ ನೋಡೋಕೆ ಆಗಲ್ಲ.

ಗೋಳಗುಮ್ಮಟದ ಗೋಪುರ ಇನ್ನೂ ತೆರೆದಿದೆ. ಶಾಲಾ ಪ್ರವಾಸದ ಸೀಸನ್‌ನಲ್ಲಿ ಅಲ್ಲಿ ಸಾಲುಸಾಲು ಮಕ್ಕಳು ಹತ್ತುತ್ತಾರೆ. ಆ ಸಾಲಿನ ನಡುವೆ ಒಬ್ಬರು ರೀಲ್ ಮಾಡೋಕೆ ನಿಂತ್ರೆ ಹಿಂದೆ ಇಡೀ ಸಾಲು ನಿಲ್ಲುತ್ತೆ. ಹಿಂದಿರೋರಿಗೆ ಯಾಕೆ ನಿಂತಿದೆ ಅಂತ ಕಾಣೋದೂ ಇಲ್ಲ. ಕತ್ತಲಲ್ಲಿ ಗಾಬರಿ ಶುರುವಾಗೋಕೆ ಅಷ್ಟು ಸಾಕು.

ಹಾಗಾಗಿ ನಾನು ಪಾಲಿಸೋ ನಿಯಮ ಇಷ್ಟೇ. ಮೆಟ್ಟಿಲ ಮೇಲೆ ಫೋಟೊ ತೆಗೆಯಲ್ಲ. ಅಂತಸ್ತಿಗೆ ಬಂದು, ಬದಿಗೆ ಸರಿದು, ದಾರಿ ಬಿಟ್ಟ ಮೇಲೆ ಮಾತ್ರ ಫೋನ್ ಎತ್ತೋದು. ಅಲ್ಲಿಂದ ಹಿಂತಿರುಗಿ ಮೆಟ್ಟಿಲ ಕಡೆಗೆ ನೋಡಿದ್ರೆ ಒಳ್ಳೇ ಫ್ರೇಮ್ ಸಿಗುತ್ತೆ, ಬೆಳಕು ನಿಮ್ಮ ಬೆನ್ನಿಂದ ಕತ್ತಲೊಳಗೆ ಇಳೀತಾ ಇರುತ್ತೆ. ಫ್ಲ್ಯಾಶ್ ಇಲ್ಲ. ಟಾರ್ಚ್ ಬೇಕಾದ್ರೆ ಕಾಲ ಬುಡಕ್ಕೆ ಮಾತ್ರ. ಜನ ಜಾಸ್ತಿ ಇದ್ರೆ ಆ ಫೋಟೊ ಬೇಡ. ಕೆಳಗೆ ಹಜಾರಕ್ಕೆ ಬನ್ನಿ, ಸಮಾಧಿಯ ಕಟ್ಟೆಯಿಂದ ದೂರ ನಿಂತು ತಲೆ ಎತ್ತಿ ಆ ಎಂಟು ಕಮಾನುಗಳನ್ನ ತೆಗೀರಿ, ಅಲ್ಲಿ ಜಾಗ ಬೇಕಾದಷ್ಟಿದೆ.

ಮೆಟ್ಟಿಲಿಗೆ ಬರೋ ಬೆಳಕು ಸ್ವಲ್ಪವೇ. ಅದನ್ನೇ ನಾವು ಫೋಟೊಗೆ ಬಳಸ್ತೀವಿ, ಬೇರೆಯವರು ಕಾಲಿಡೋಕೆ ಬಳಸ್ತಾರೆ. ಇಬ್ಬರಿಗೂ ಸಾಕಾಗೋ ಹಾಗೆ ನಡ್ಕೊಂಡ್ರೆ ಈ ಬಾಗಿಲು ತೆರೆದಿರುತ್ತೆ. ನೀವು ತೆಗೆದ ಫೋಟೊಗಳನ್ನ ಕಳಿಸಿ, ಕಪ್ಪಾಗಿದ್ರೂ ಕಳಿಸಿ.