ಇಸ್ತ್ರಿಪೆಟ್ಟಿಗೆಯ ಚೀಟಿ ಓದುವುದು ಹೇಗೆ?



ನಿಮ್ಮ ಮನೆಯ ಇಸ್ತ್ರಿಪೆಟ್ಟಿಗೆಯನ್ನು ಒಮ್ಮೆ ತಿರುಗಿಸಿ ನೋಡಿ. ಅದು ತಣ್ಣಗಿರಬೇಕು, ಪ್ಲಗ್ ಹೊರಗಿರಬೇಕು, ಅಷ್ಟೆ. ಹಿಡಿಯ ಬಳಿಯೋ ಹಿಂಬದಿಯಲ್ಲೋ ಒಂದು ಚಿಕ್ಕ ಚೀಟಿ ಇರುತ್ತದೆ. ಅದರಲ್ಲಿ 230 ವೋಲ್ಟ್, 750 ವ್ಯಾಟ್ ಎಂದು ಬರೆದಿದೆಯೆಂದು ಇಟ್ಟುಕೊಳ್ಳೋಣ. ಪೆಟ್ಟಿಗೆಯನ್ನು ಬಿಚ್ಚದೆ, ಯಾವ ಮಾಪಕವನ್ನೂ ಮುಟ್ಟದೆ, ಈ ಎರಡು ಅಂಕಿಗಳಿಂದಲೇ ಅದರಲ್ಲಿ ಎಷ್ಟು ವಿದ್ಯುತ್ತು ಹರಿಯುತ್ತದೆ, ಅದರೊಳಗಿನ ತಂತಿಯ ರೋಧವೆಷ್ಟು ಎಂದು ಹೇಳಿಬಿಡಬಹುದು.

ವಿಭವಾಂತರವನ್ನು ಪ್ರವಾಹದಿಂದ ಗುಣಿಸಿದರೆ ಬರುವುದು ಸಾಮರ್ಥ್ಯ. ಅಂದರೆ ವೋಲ್ಟ್ ಗುಣಿಸು ಆಂಪಿಯರ್, ಉತ್ತರ ವ್ಯಾಟ್‌ನಲ್ಲಿ. ಹಾಗಾಗಿ 750ನ್ನು 230ರಿಂದ ಭಾಗಿಸಿ. ಪ್ರವಾಹ ಸುಮಾರು 3.26 ಆಂಪಿಯರ್. ಇನ್ನು ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ರೋಧ. 230ನ್ನು 3.26ರಿಂದ ಭಾಗಿಸಿದಾಗ ಸುಮಾರು 70.5 ಓಮ್.

ಈ ಎರಡನೆಯ ಸಂಬಂಧವನ್ನು 1827ರಲ್ಲಿ ಪ್ರಕಟಿಸಿದವನು ಜರ್ಮನಿಯ ಗೇಯಾರ್ಗ್ ಸೈಮನ್ ಓಮ್. ಕೊಲೋನ್ ನಗರದಲ್ಲಿ ಶಾಲಾ ಉಪಾಧ್ಯಾಯನಾಗಿದ್ದವನು. ಅವನ ನಿಯಮದಲ್ಲಿ ಒಂದು ಷರತ್ತಿದೆ: ತಂತಿಯ ಉಷ್ಣತೆ ಬದಲಾಗಬಾರದು. ಪರೀಕ್ಷೆಯಲ್ಲಿ ಸೂತ್ರ ಬರೆಯುವ ಹಲವರು ಈ ಷರತ್ತನ್ನು ಬಿಟ್ಟುಬಿಡುತ್ತಾರೆ. ಆದರೆ ನನ್ನ ದೃಷ್ಟಿಯಲ್ಲಿ ಸೂತ್ರಕ್ಕಿಂತ ಷರತ್ತೇ ಸ್ವಾರಸ್ಯವಾದದ್ದು. ಹಳೆಯ 60 ವ್ಯಾಟಿನ ತಂತಿಬಲ್ಬು ಬೆಳಗುತ್ತಿರುವಾಗ ಅದರ ರೋಧ ಸುಮಾರು 880 ಓಮ್. ಅದೇ ಬಲ್ಬು ತಣ್ಣಗಿರುವಾಗ ಅಳೆದರೆ ಇದರ ಹತ್ತನೆಯ ಒಂದು ಪಾಲಿನ ಆಸುಪಾಸು! ಸ್ವಿಚ್ ಹಾಕಿದ ಕ್ಷಣದಲ್ಲಿ ಪ್ರವಾಹ ಹಲವು ಪಟ್ಟು ಹೆಚ್ಚಾಗಿ ನುಗ್ಗುತ್ತದೆ. ಅಂಥ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದಾಗಲೇ 'ಟಿಕ್' ಎಂದು ಹೋಗುತ್ತಿದ್ದುದಕ್ಕೆ ಇದೇ ಕಾರಣ. ಇಸ್ತ್ರಿಪೆಟ್ಟಿಗೆಯ ನೈಕ್ರೋಮ್ ತಂತಿ ಹಾಗಲ್ಲ, ಕಾದರೂ ಅದರ ರೋಧ ಬದಲಾಗುವುದು ಅತ್ಯಲ್ಪ. ಇಂದಿನ ಎಲ್‌ಇಡಿ ಬಲ್ಬಿಗಂತೂ ಈ ಲೆಕ್ಕವನ್ನು ಹಚ್ಚಲೇಬೇಡಿ. ಅದರೊಳಗಿರುವುದು ಬರೀ ತಂತಿಯಲ್ಲ, ಎಲೆಕ್ಟ್ರಾನಿಕ್ ಮಂಡಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ವೋಲ್ಟ್ ಎಂದಿರುವ ಕಡೆ 'ಪ್ರವಾಹ ಗುಣಿಸು ರೋಧ' ಎಂದು ಬರೆದರೆ, ಸಾಮರ್ಥ್ಯವೆಂದರೆ ಪ್ರವಾಹದ ವರ್ಗ ಗುಣಿಸು ರೋಧ ಎಂದಾಗುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಹೀಗೆ ವರ್ಗದ ಪ್ರಮಾಣದಲ್ಲಿ ಏರುತ್ತದೆಂಬುದನ್ನು 1841ರಲ್ಲಿ ಜೌಲ್ ತೋರಿಸಿಕೊಟ್ಟ. ಈ 'ವರ್ಗ' ಎಂಬ ಮಾತೇ ಮನೆಗೆ ಬೆಂಕಿ ಹಚ್ಚಬಲ್ಲದು.

ಹೇಗೆಂದು ನೋಡಿ. ಒಂದು ಹಳೆಯ ಸಾಕೆಟ್‌ನಲ್ಲಿ ಪ್ಲಗ್ ಸಡಿಲವಾಗಿ ಕೂತಿದೆ. ಅಲ್ಲಿ ಅರ್ಧ ಓಮ್ ರೋಧವಿದೆ ಎನ್ನೋಣ. ಇಸ್ತ್ರಿಪೆಟ್ಟಿಗೆ ಹಾಕಿದರೆ ಆ ಸಂದಿನಲ್ಲಿ ಹುಟ್ಟುವ ಶಾಖ ಸುಮಾರು 5 ವ್ಯಾಟ್. ಅದೇ ಸಾಕೆಟ್‌ಗೆ 1,500 ವ್ಯಾಟಿನ ನೀರು ಕಾಯಿಸುವ ಕಾಯಿಲ್ ಹಾಕಿ. ಪ್ರವಾಹ 6.5 ಆಂಪಿಯರ್, ಅಂದರೆ ಎರಡು ಪಟ್ಟು. ಶಾಖವೋ 21 ವ್ಯಾಟ್, ನಾಲ್ಕು ಪಟ್ಟು! ಉಗುರಿನಷ್ಟು ಜಾಗದಲ್ಲಿ 21 ವ್ಯಾಟ್ ಎಂದರೆ ಪ್ಲಾಸ್ಟಿಕ್ ಕರಗಲು ಸಾಕು. ಫ್ಯೂಸ್ ಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಹೋಗುವುದಿಲ್ಲ, ಏಕೆಂದರೆ ಫ್ಯೂಸ್ ನೋಡುವುದು ಪ್ರವಾಹವನ್ನು ಮಾತ್ರ. ಸಡಿಲ ಸಂದಿನ ಶಾಖ ಅದರ ಕಣ್ಣಿಗೆ ಬೀಳದು. ಸಾಕೆಟ್ ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ, ಮೇನ್ ಸ್ವಿಚ್ ಆರಿಸಿ ಹಿರಿಯರಿಗೆ ತಿಳಿಸಿ. ಕಾಯಿಲ್, ಗೀಸರ್‌ಗಳಿಗೆ 16 ಆಂಪಿಯರ್‌ನ ದೊಡ್ಡ ಸಾಕೆಟ್ಟೇ ಬೇಕು.

ಇದೇ ವರ್ಗದ ಲೆಕ್ಕ ಊರಾಚೆಯ ಕಂಬಗಳಲ್ಲಿಯೂ ಇದೆ. 10 ಕಿಲೋವ್ಯಾಟ್ ವಿದ್ಯುತ್ತನ್ನು 1 ಓಮ್ ರೋಧವಿರುವ ತಂತಿಯಲ್ಲಿ ಕಳಿಸಬೇಕು ಎಂದುಕೊಳ್ಳಿ. 230 ವೋಲ್ಟ್‌ನಲ್ಲಿ ಕಳಿಸಿದರೆ 43.5 ಆಂಪಿಯರ್ ಹರಿದು, 1,890 ವ್ಯಾಟ್ ದಾರಿಯಲ್ಲೇ ಶಾಖವಾಗುತ್ತದೆ. 11,000 ವೋಲ್ಟ್‌ನಲ್ಲಿ ಕಳಿಸಿದರೆ ನಷ್ಟ ಒಂದು ವ್ಯಾಟ್ ಕೂಡ ಇಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹತ್ತಾರು ಸಾವಿರ ವೋಲ್ಟ್‌ಗೆ ಏರಿಸಿ ಕಳಿಸಿದ್ದು ಈ ಕಾರಣಕ್ಕಾಗಿಯೇ.

ಮೊದಲಿನ ಉದಾಹರಣೆಯಲ್ಲಿ ಇನ್ನೊಂದು ಸಂಗತಿ ಅಡಗಿದೆ. ತಂತಿಯಲ್ಲಿ 43.5 ವೋಲ್ಟ್ ಕಳೆದುಹೋಗಿ, ಕೊನೆಯ ಮನೆಗೆ ಸಿಕ್ಕಿದ್ದು 186.5 ವೋಲ್ಟ್. ವೋಲ್ಟೇಜ್ ನೂರಕ್ಕೆ 19 ಇಳಿಯಿತು. ಆದರೆ ಅಲ್ಲಿಯ ಇಸ್ತ್ರಿಪೆಟ್ಟಿಗೆ ಕೊಡುವುದು ಸುಮಾರು 493 ವ್ಯಾಟ್. ನೂರಕ್ಕೆ 34ರಷ್ಟು ಕಡಿಮೆ. ಬಟ್ಟೆಯ ಸುಕ್ಕು ಹೋಗುವುದಿಲ್ಲ, ಅಷ್ಟೇ ತಾನೆ ಎನ್ನಬಹುದು.

ಪಂಪ್‌ಸೆಟ್ಟಿನ ಮಾತು ಬೇರೆ. ಬಾವಿಯ ಆಳ ವೋಲ್ಟೇಜಿನೊಂದಿಗೆ ಕಡಿಮೆಯಾಗುವುದಿಲ್ಲವಲ್ಲ! ಹೆಚ್ಚುಕಡಿಮೆ ಅಷ್ಟೇ ನೀರೆತ್ತಬೇಕಾದ ಮೋಟಾರು, ವೋಲ್ಟೇಜ್ ಐದರಲ್ಲೊಂದು ಪಾಲು ಕುಸಿದಾಗ ಸುಮಾರು ಕಾಲು ಪಾಲು ಹೆಚ್ಚು ಪ್ರವಾಹ ಎಳೆಯುತ್ತದೆ. 1.25ರ ವರ್ಗ 1.56. ಸುರುಳಿಯ ಶಾಖ ಒಂದೂವರೆ ಪಟ್ಟಿಗೂ ಮೀರುತ್ತದೆ. ಇದು ತಾಸುಗಟ್ಟಲೆ ನಡೆದರೆ ಸುರುಳಿಯ ಹೊದಿಕೆ ಸುಟ್ಟು, ರೈತ ಮೋಟಾರನ್ನು ರಿವೈಂಡಿಂಗ್‌ಗೆ ಹೊತ್ತೊಯ್ಯಬೇಕಾಗುತ್ತದೆ. ಸ್ಟಾರ್ಟರ್ ಪೆಟ್ಟಿಗೆಯಲ್ಲಿರುವ ಓವರ್‌ಲೋಡ್ ರಿಲೇ ಪದೇಪದೇ ಬೀಳುತ್ತದೆಂದು ಕೆಲವರು ಅದನ್ನು ಕಟ್ಟಿಹಾಕುತ್ತಾರೆ. ನಿಮ್ಮ ತೋಟದಲ್ಲಿಯೂ ಹಾಗೆ ಮಾಡಿದ್ದರೆ, ಇಂದು ಸಂಜೆ ಈ 1.56ರ ಲೆಕ್ಕವನ್ನು ಅಪ್ಪನಿಗೆ ಬರೆದು ತೋರಿಸಿ.