ಮುಪ್ಪಿನ ಲೆಕ್ಕ ಬರೆಯುವ ಮಕ್ಕಳು

(ಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನಾನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. 34 ವರ್ಷ ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತನಾದವನು. ಮುಪ್ಪಿನ ಸಂಶೋಧನೆಗೆ ಮಕ್ಕಳನ್ನು ತಯಾರು ಮಾಡುವ ಬಗ್ಗೆ ಮಾತಾಡುತ್ತೇನೆ ಎಂದಾಗ ಗೋಷ್ಠಿಯ ಕಾರ್ಯದರ್ಶಿಗಳು ನನ್ನ ಮುಖ ನೋಡಿದರು. "ಕಾಲುವಿ ಬಗ್ಗೆ ಮಾತಾಡ್ರಿ ಸಾಹೇಬ್ರ" ಅಂದರು. ನೀರಿನ ಮಾತೂ ಬರುತ್ತದೆ, ಸ್ವಲ್ಪ ತಾಳಿರಿ.

ನಮ್ಮ ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಎಪ್ಪತ್ತೆರಡರ ವಯಸ್ಸಿನಲ್ಲಿ ಒಮ್ಮೆ ಸೊಂಟನೋವಿಗೆಂದು ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲಿ ನೆನಪಿನ ಪರೀಕ್ಷೆಯನ್ನೂ ಮಾಡಿದರು. ಇವತ್ತು ತಾರೀಖು ಎಷ್ಟು? ನೂರರಿಂದ ಏಳೇಳು ಕಳೆಯುತ್ತಾ ಬನ್ನಿ. ಒಂದು ವಾಕ್ಯ ಬರೆಯಿರಿ. ಈ ಚಿತ್ರ ನೋಡಿ ಹಾಗೆಯೇ ಬಿಡಿಸಿರಿ. ತಾರೀಖು ಕೇಳಿದ್ದಕ್ಕೆ ಅವ್ವ, "ಆರಿದ್ರಿ ಮಳಿ ಕೂಡಿ ನಾಲ್ಕ ದಿನಾ ಆತು" ಅಂದಳು. ನಾನು ಕ್ಯಾಲೆಂಡರ್ ನೋಡಿದೆ, ಸರಿಯಾಗಿಯೇ ಇತ್ತು. ಆದರೆ ಕಾಗದದ ಮೇಲೆ ಸೊನ್ನೆ ಬಿತ್ತು. ಪೆನ್ನು ಹಿಡಿದು ಗೊತ್ತಿಲ್ಲದವಳು ಚಿತ್ರ ಎಲ್ಲಿಂದ ಬಿಡಿಸಬೇಕು? ಅಲ್ಲಿಯೂ ಸೊನ್ನೆ. "ಮರೆವಿನ ಕಾಯಿಲೆ ಶುರುವಾಗಿದೆ" ಎಂದು ಬರೆದುಕೊಟ್ಟರು. ಮನೆಗೆ ಬಂದು ಆಕೆ ಹನ್ನೆರಡು ಜನಕ್ಕೆ ಅಡುಗೆ ಮಾಡಿದಳು, ಸಾಲ ಕೊಟ್ಟವರ ಹೆಸರನ್ನೆಲ್ಲ ಬಾಯಲ್ಲೇ ಹೇಳಿದಳು.

ಐದು ವರ್ಷದ ನಂತರ ನಿಜವಾದ ಮರೆವು ಬಂತು. ಯಾವಾಗ ಬಂತೆಂದು ಯಾರಿಗೂ ತಿಳಿಯಲಿಲ್ಲ. ಅಂಕ ಮೊದಲೇ ತಳದಲ್ಲಿತ್ತು, ಇಳಿದದ್ದು ಕಾಣಲಿಲ್ಲ. ಒಂದು ದಿನ ನನ್ನನ್ನೇ, "ಯಾವ ಊರಾವಪಾ ನೀ?" ಎಂದು ಕೇಳಿದಳು.

ನದಿಯಲ್ಲಿ ನೀರಿನ ಮಟ್ಟ ನೋಡಲು ಗೇಜು ನೆಡುತ್ತೇವೆ. ಅದರ ಸೊನ್ನೆ ಎಲ್ಲಿದೆ ಎಂಬುದು ಮೊದಲು ಖಚಿತವಾಗಬೇಕು. ಸೊನ್ನೆ ತಪ್ಪಿದರೆ ಮುಂದಿನ ರೀಡಿಂಗ್ ಎಲ್ಲವೂ ತಪ್ಪು. ಎರಡನೆಯದಾಗಿ, ದಿನವೂ ಹೋಗಿ ಓದುವವನೊಬ್ಬ ಬೇಕು. ಒಮ್ಮೆ ಒಂದು ಕೆರೆಯ ಕೋಡಿಯ ವಿನ್ಯಾಸಕ್ಕೆ ಹಳೆಯ ಮಳೆ ರಿಜಿಸ್ಟರ್ ತೆಗೆಸಿದೆವು. ನಡುವೆ ಆರು ವರ್ಷ ಖಾಲಿ. ಮಳೆಮಾಪಕ ನೆಟ್ಟಗೆ ನಿಂತಿತ್ತು. ಓದುವವನು ನಿವೃತ್ತನಾಗಿದ್ದ, ಬದಲಿಗೆ ಯಾರನ್ನೂ ಹಾಕಿರಲಿಲ್ಲ. ಆ ಆರು ವರ್ಷದ ಮಳೆಯನ್ನು ಈಗ ಎಷ್ಟು ಕೋಟಿ ಕೊಟ್ಟರೂ ಅಳೆಯಲಾಗದು.

ಮುಪ್ಪಿನ ಸಂಶೋಧನೆಯೂ ಹೀಗೆಯೇ ಎಂದು ಓದುತ್ತಾ ಓದುತ್ತಾ ನನಗೆ ತಿಳಿಯಿತು. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1958ರಲ್ಲಿ ಒಂದು ಅಧ್ಯಯನ ಶುರುವಾಯಿತು. ನೇತೃತ್ವ ನೇಥನ್ ಶಾಕ್ ಎಂಬುವರದು. ಆರೋಗ್ಯವಂತರನ್ನು ಆರಿಸಿ, ಅದೇ ಜನರನ್ನು ಮತ್ತೆ ಮತ್ತೆ ಕರೆದು ಹೃದಯ, ಮೂತ್ರಪಿಂಡ, ಶ್ವಾಸ, ನೆನಪು ಎಲ್ಲವನ್ನೂ ಅಳೆಯುವುದು. (ಮೊದಲ 20 ವರ್ಷ ಗಂಡಸರನ್ನು ಮಾತ್ರ ಅಳೆದರು. 1978ರಲ್ಲಿ ಹೆಂಗಸರೂ ಸೇರಿದರು. ಅಷ್ಟು ದೊಡ್ಡ ವಿಜ್ಞಾನಿಗಳಿಗೂ ಅರ್ಧ ಮನುಕುಲ ಕಣ್ಣಿಗೆ ಬೀಳಲು 20 ವರ್ಷ ಬೇಕಾಯಿತು ನೋಡಿ.) ಅವರಿಗೆ ಸಿಕ್ಕ ಫಲಿತಾಂಶಗಳಲ್ಲಿ ಒಂದು ಇದು. ನಲವತ್ತರವರು, ಅರವತ್ತರವರು, ಎಂಬತ್ತರವರನ್ನು ಒಂದೇ ದಿನ ಸಾಲಾಗಿ ನಿಲ್ಲಿಸಿ ನೋಡಿದರೆ, ವಯಸ್ಸಾದಂತೆ ಎಲ್ಲರ ಮೂತ್ರಪಿಂಡವೂ ಕುಗ್ಗುತ್ತದೆ ಎಂದೇ ಅನಿಸುತ್ತದೆ. ಒಬ್ಬೊಬ್ಬರನ್ನೇ ವರ್ಷಗಟ್ಟಲೆ ಹಿಂಬಾಲಿಸಿದಾಗ ಸುಮಾರು ಮೂರನೇ ಒಂದು ಭಾಗದ ಜನರಲ್ಲಿ ಅದು ಇಳಿದೇ ಇರಲಿಲ್ಲ. ಹಾಗಾದರೆ ಉಳಿದವರಲ್ಲಿ ಯಾಕೆ ಇಳಿಯಿತು? ವಯಸ್ಸಿನಿಂದಲೇ, ರಕ್ತದೊತ್ತಡದಂಥ ಬೇರೆ ಕಾರಣದಿಂದಲೇ? ಈ ಪ್ರಶ್ನೆ ಹುಟ್ಟಬೇಕಾದರೂ ಅಷ್ಟು ವರ್ಷದ ರಿಜಿಸ್ಟರ್ ಬೇಕಾಯಿತು. ಶಾಕ್ 1989ರಲ್ಲಿ ತೀರಿಕೊಂಡರು. ಅಧ್ಯಯನ ನಿಲ್ಲಲಿಲ್ಲ, ಮುಂದುವರಿಸುವವರು ತಯಾರಾಗಿದ್ದರು.

ನಮ್ಮಲ್ಲಿಯೂ ಕೆಲಸ ಶುರುವಾಗಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕನ್ನು ಮಾವಿನಹಣ್ಣಿಗೆ ಬಲ್ಲಿರಿ. ಅಲ್ಲಿಯ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ಸೇರಿಸಿಕೊಂಡು ಬಹುಕಾಲ ಹಿಂಬಾಲಿಸುವ ಯೋಜನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೈಗೊಂಡಿದೆ. ಇಂಥ ಕಡೆ ಓದು ಬಾರದವರ ನೆನಪನ್ನು ಹೇಗೆ ಅಳೆಯುವುದು? ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲಿಯೇ ಒಂದು ದಾರಿ ಮಾಡಿದ್ದರು. "ವಾಕ್ಯ ಬರೆಯಿರಿ" ಎನ್ನುವ ಬದಲು "ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿರಿ" ಎಂದು ಹಿಂದಿಯಲ್ಲಿ ಕೇಳಿದರು. ಇಷ್ಟು ಸಣ್ಣ ಬದಲಾವಣೆಗೂ ವರ್ಷಗಟ್ಟಲೆ ದುಡಿಮೆ ಬೇಕು. ಆ ಪ್ರಶ್ನೆಗೆ ಆರೋಗ್ಯವಂತ ಅಜ್ಜಿ ಎಷ್ಟು ಹೇಳುತ್ತಾಳೆ, ಮರೆವು ಹಿಡಿದ ಅಜ್ಜಿ ಎಷ್ಟು ಹೇಳುತ್ತಾಳೆ ಎಂದು ನೂರಾರು ಜನರಲ್ಲಿ ನೋಡಿ ಸೊನ್ನೆ ಗುರುತು ಹಾಕಬೇಕು. ಆರಿದ್ರಿ ಮಳೆ ಎಂದರೆ ಏನೆಂದು ಗೊತ್ತಿರುವವರೇ ಈ ಕೆಲಸ ಮಾಡಬೇಕು. ಅಂದರೆ ನಮ್ಮ ಹಳ್ಳಿಗಳ ಮಕ್ಕಳು.

ಈಗ ನಾನು ಬಂದ ವಿಷಯ. ನಮ್ಮ ಓಣಿಯ ಒಬ್ಬ ಹುಡುಗಿ ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಇದೇ ವಿಷಯದಲ್ಲಿ ಪಿಎಚ್.ಡಿ.ಗೆ ಸೇರಿದ್ದಾಳೆ. ತಂದೆಗೆ ನಾಲ್ಕೆಕರೆ ಒಣಬೇಸಾಯ. "ಐದಾರು ವರ್ಷ ಮುದುಕರನ್ನ ಮಾತಾಡಿಸ್ಕೋತ ಕುಂತ್ರ ಲಗ್ನ ಯಾವಾಗ ಸಾಹೇಬ್ರ?" ಎಂದು ಅವರು ನನ್ನನ್ನು ಕೇಳಿದರು. ನನ್ನ ಬಳಿ ಚಂದದ ಉತ್ತರವಿರಲಿಲ್ಲ. ಕೇಂದ್ರದ ಫೆಲೋಶಿಪ್ ಮೊತ್ತ ಕಡಿಮೆಯೇನಲ್ಲ. 2023ರಿಂದ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಆದರೆ ಅದು ಎಲ್ಲರಿಗೂ ಸಿಗುವುದಿಲ್ಲ. ಈ ಹುಡುಗಿಗೆ ಬೇರೆ ಕಡೆಯಿಂದ ಬರುವುದು ಅದರ ಅರ್ಧಕ್ಕೂ ಕಡಿಮೆ, ಅದೂ ನಾಲ್ಕು ತಿಂಗಳಿಂದ ಬಂದಿಲ್ಲ. ಪಿ.ಜಿ. ಬಾಡಿಗೆ ಮಾತ್ರ ಪ್ರತಿ ತಿಂಗಳ ಐದನೇ ತಾರೀಖಿಗೆ ಕೊಡಬೇಕು.

ನಾನು ಇಂಜಿನಿಯರಿಂಗ್ ಓದಿದ್ದು ಒಂದು ಮಠದ ಪ್ರಸಾದನಿಲಯದಲ್ಲಿ ಉಂಡು. ನಿಮ್ಮಲ್ಲಿ ಅನೇಕರೂ ಹಾಗೆಯೇ ಓದಿದವರು. ನಮ್ಮ ಪ್ರಸಾದನಿಲಯಗಳು ಡಿಗ್ರಿಯವರೆಗೆ ಕೈಹಿಡಿದವು. ಡಿಗ್ರಿಯಾದರೆ ನೌಕರಿ ಎಂಬ ಕಾಲದ ನಿಯಮ ಅದು. ಇಪ್ಪತ್ತಾರು ವರ್ಷದ ಸಂಶೋಧನಾ ವಿದ್ಯಾರ್ಥಿನಿಗೆ ಅಲ್ಲಿ ಜಾಗವಿಲ್ಲ. ಅರ್ಜಿಯ ನಮೂನೆಯಲ್ಲಿ ಅವಳ ಕಾಲಂ ಕೂಡ ಇಲ್ಲ.

ವಿದ್ಯಾರ್ಥಿವೇತನ ಕೊಡುವಾಗ ಅಂಕಪಟ್ಟಿ ಮಾತ್ರ ನೋಡುತ್ತೇವಲ್ಲ, ಅದರ ಬಗ್ಗೆಯೂ ಒಂದು ಮಾತು. ಕ್ಯಾರಲ್ ಗ್ರೈಡರ್ ಎಂಬಾಕೆಗೆ ಅಕ್ಷರ ಓದುವುದರಲ್ಲೇ ತೊಡಕಿತ್ತು. ಪ್ರವೇಶ ಪರೀಕ್ಷೆಯ ಅಂಕ ನೋಡಿ ಬಹಳ ವಿಶ್ವವಿದ್ಯಾಲಯಗಳು ಬೇಡವೆಂದವು. ಬರ್ಕ್ಲಿಯಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರ ಕೈಕೆಳಗೆ ವಿದ್ಯಾರ್ಥಿನಿಯಾಗಿ ಸೇರಿ, ಕೊಳದ ನೀರಿನ ಒಂದು ಸೂಕ್ಷ್ಮಜೀವಿಯನ್ನು ಹಿಡಿದು ಕೂತರು. 1984ರ ಕ್ರಿಸ್‌ಮಸ್ ದಿನ ಪ್ರಯೋಗಾಲಯಕ್ಕೆ ಹೋಗಿ ನೋಡಿದಾಗ, ವರ್ಣತಂತುವಿನ ತುದಿಯನ್ನು ಉದ್ದ ಮಾಡುವ ಕಿಣ್ವದ ಗುರುತು ಕಂಡಿತು. ಜೀವಕೋಶ ಯಾಕೆ ಮುಪ್ಪಾಗುತ್ತದೆ ಎಂಬ ಪ್ರಶ್ನೆಗೆ ಅದೊಂದು ದೊಡ್ಡ ಸುಳಿವು. 2009ರಲ್ಲಿ ಗುರು-ಶಿಷ್ಯೆಗೂ ಜಾಕ್ ಷೋಸ್ತಾಕ್ ಅವರಿಗೂ ನೊಬೆಲ್ ಬಂತು.

ನನ್ನ ಕೋರಿಕೆ ದೊಡ್ಡದಲ್ಲ. ಕಟ್ಟಡ ಬೇಡ, ಫಲಕ ಬೇಡ. ಬೆಂಗಳೂರಿನಲ್ಲಿ ನಮ್ಮವರು ನಡೆಸುವ ಹೆಣ್ಣುಮಕ್ಕಳ ವಸತಿನಿಲಯಗಳಲ್ಲಿ ಸಂಶೋಧನೆ ಮಾಡುವವರಿಗೆಂದು ನಾಲ್ಕು ಕೊಠಡಿ ಬಿಡಲಿ. ಫೆಲೋಶಿಪ್ ತಡವಾದಾಗ ಬಡ್ಡಿಯಿಲ್ಲದೆ ಕೈಗಡ ಕೊಟ್ಟು, ಬಂದಾಗ ವಾಪಸು ಪಡೆಯುವ ಸಣ್ಣ ನಿಧಿಯಿರಲಿ. ನನ್ನ ಪಿಂಚಣಿಯಿಂದ ಮೊದಲ 50,000 ರೂಪಾಯಿ ಕೊಡುತ್ತೇನೆ. ಇನ್ನು ಹಿರಿಯರಿಗೆ ಒಂದು ಮಾತು. ಇಂಥ ಹುಡುಗ ಹುಡುಗಿಯರು ಒಪ್ಪಿಗೆ ಕೇಳಿ ಮನೆಗೆ ಬಂದರೆ ಕೂಡ್ರಿಸಿ ಮಾತಾಡಿರಿ. ಎರಡನೇ ಸಲ ಬಂದಾಗ "ಹೋದ ವರ್ಷನೇ ಹೇಳೇನಲ್ಲ" ಎಂದು ಕಳಿಸಬೇಡಿರಿ. ಎರಡನೇ ಸಲದ ಉತ್ತರಕ್ಕಾಗಿಯೇ ಅವರು ಬಂದಿರುತ್ತಾರೆ.

ಆ ಹುಡುಗಿಯ ತಂದೆ ಇಲ್ಲಿಯೇ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ಹೆಸರು ಹೇಳುವುದಿಲ್ಲ. ಪ್ರಸಾದನಿಲಯ ಸಮಿತಿಯ ಹಿರಿಯರೂ ಬಂದಿದ್ದಾರೆ. ಪ್ರಸಾದದ ಪಂಕ್ತಿಯಲ್ಲಿ ನಾನು ಅವರಿಬ್ಬರ ನಡುವೆ ಕೂಡುವವನಿದ್ದೇನೆ. ಕೊಠಡಿಯ ಮಾತು ಅಲ್ಲಿಯೇ ಎತ್ತುತ್ತೇನೆ.