ಗಾಜಿನ ಮೇಲೆ ವಜ್ರದ ಮೊನೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ಮದುವೆಗೆ ಕೊಡುವ ಸ್ಟೀಲ್ ತಂಬಿಗೆಯ ಮೇಲೆ ಹೆಸರು ಕೊರೆಸುವುದು ನಿಮಗೆಲ್ಲ ಗೊತ್ತು. ಗಾಜಿನ ಮೇಲೂ ಹಾಗೆ ಬರೆಯಬಹುದು. ಅದಕ್ಕೆ ಬೇಕಾದದ್ದು ಪೆನ್ನಿನಂಥ ಒಂದು ಹಿಡಿಕೆ, ತುದಿಗೆ ಸಾಸಿವೆಗಿಂತ ಸಣ್ಣ ವಜ್ರದ ಚೂರು. ಗಡಸುತನದ ಮೋಸ್ ಮಾಪನದಲ್ಲಿ ಗಾಜು ಸುಮಾರು 5.5, ವಜ್ರ 10. ಹೀಗಾಗಿ ಬಲ ಹಾಕಬೇಕಾಗಿಲ್ಲ. ಒತ್ತಿದರೆ ಗಾಜಿನ ಅಂಚು ಚಕ್ಕೆ ಏಳುತ್ತದೆ, ಅಷ್ಟೆ.

ಈ ವಿದ್ಯೆ ಪರದೇಶದ್ದು ಎನ್ನಬೇಡಿ. 17ನೇ ಶತಮಾನದಲ್ಲಿ ಹಾಲೆಂಡಿನ ಅನ್ನಾ ರೋಮರ್ಸ್ ವಿಸ್ಸರ್ ಎಂಬ ಕವಯಿತ್ರಿ ಗಾಜಿನ ಬಟ್ಟಲುಗಳ ಮೇಲೆ ವಜ್ರದ ಮೊನೆಯಿಂದ ಹೂವು, ಅಕ್ಷರ ಕೊರೆಯುತ್ತಿದ್ದಳು. ಆಗಿನ್ನೂ ಬ್ರೆಜಿಲ್‌ನ ವಜ್ರ ಸಿಕ್ಕಿರಲಿಲ್ಲ. ಜಗತ್ತಿಗೆ ಹೆಚ್ಚಿನ ವಜ್ರ ಹೋಗುತ್ತಿದ್ದುದು ನಮ್ಮ ದೇಶದಿಂದಲೇ. ಹೆಸರಾದ ಕೊಲ್ಲೂರು ಗಣಿ ಇದ್ದದ್ದು ಆಂಧ್ರದಲ್ಲಿ, ಇದೇ ಕೃಷ್ಣೆಯ ದಂಡೆಯ ಮೇಲೆ. ಫ್ರಾನ್ಸಿನ ವ್ಯಾಪಾರಿ ತವೆರ್ನಿಯೆ ಬಿಜಾಪುರದ ಆದಿಲಶಾಹಿಗಳ ಸೀಮೆಯಲ್ಲೂ ಒಂದು ವಜ್ರದ ಗಣಿ ಕಂಡು ಬರೆದಿದ್ದಾನೆ. ಆಕೆಯ ಕೈಯಲ್ಲಿದ್ದ ಚೂರು ನಮ್ಮ ಕಡೆಯದೇ ಇದ್ದರೂ ಇದ್ದೀತು!

ಮಾಡುವ ಬಗೆ ಹೇಳುತ್ತೇನೆ. ಚಿತ್ರವನ್ನು ಕಾಗದದ ಮೇಲೆ ಬರೆದು ಗಾಜಿನ ಹಿಂದೆ ಅಂಟಿಸಿ. ಲೋಟವಾದರೆ ಕಾಗದವನ್ನು ಸುರುಳಿ ಮಾಡಿ ಒಳಗಿಡಿ. ಕಡ್ಡಿಯನ್ನು ಓರೆಯಾಗಿ ಹಿಡಿದು ಹಗುರಾಗಿ ಎಳೆಯಿರಿ. ಬೆಳ್ಳನೆಯ ಗೆರೆ ಮೂಡುತ್ತದೆ. ನೆರಳು ಬೇಕಾದಲ್ಲಿ ಚುಕ್ಕೆ ಕುಟ್ಟಿ. ಕಾಗದ ತೆಗೆದು ಕೆಳಗೆ ಕರಿ ಬಟ್ಟೆ ಹಾಕಿ ನೋಡಿದರೆ ಕೆಲಸದ ಕುಂದುಕೊರತೆ ಕಾಣುತ್ತದೆ. ಇಲ್ಲಿ ರಬ್ಬರ್ ಇಲ್ಲ, ಎಳೆದ ಗೆರೆ ಎಳೆದದ್ದೇ. ಮೊದಲು ಕಲಿಯುವವರಿಗೆ ಕಸೂತಿಯ ಗೋಪುರ, ತೇರು, ತುಳಸಿಕಟ್ಟೆ ಒಳ್ಳೆಯವು. ಗವಂತಿ, ಮುರಗಿ ಹೊಲಿಗೆಗಳಂತೆ ಸಣ್ಣ ಸಣ್ಣ ನೆಟ್ಟ ಗೆರೆಗಳಲ್ಲೇ ಮುಗಿಯುತ್ತವೆ. ಇಳಕಲ್ ಸೀರೆಯ ಮೇಲೆ ಅವನ್ನು ಹಾಕಿದ ಅಜ್ಜಿಯರು ಇನ್ನೂ ಮನೆಯಲ್ಲಿದ್ದರೆ ಕೇಳಿ ಬರೆದುಕೊಳ್ಳಿ.

ದೇವರಮನೆಯ ಬಾಗಿಲಿಗೆ ಹಾಕಿಸುವ ಗಾಜಿನ ಮೇಲೆ ಈಗ ಮರಳು ಊದಿ, ಇಲ್ಲವೆ ಹೈಡ್ರೋಫ್ಲೋರಿಕ್ ಆಮ್ಲ ಸವರಿ ಚಿತ್ರ ಮೂಡಿಸುತ್ತಾರೆ. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಆ ಮರಳಿನ ಧೂಳಿನಿಂದ ಸಿಲಿಕೋಸಿಸ್ ಬರುತ್ತದೆ. ಆ ಆಮ್ಲ ಚರ್ಮ ದಾಟಿ ಎಲುಬಿನವರೆಗೆ ಇಳಿಯುತ್ತದೆ. ಶಾಲೆ ಬಿಟ್ಟ ಹುಡುಗರು ಕೂಲಿಗೆ ಸೇರಿಕೊಳ್ಳುವುದು ಇಂಥ ಕಡೆಯೇ. ಪಾಲಕರೆ, ಮಗ ಏನು ಕೆಲಸ ಮಾಡುತ್ತಾನೆ ಎಂದಷ್ಟೇ ಅಲ್ಲ, ಮೂಗಿಗೆ ಏನು ಕಟ್ಟಿಕೊಳ್ಳುತ್ತಾನೆ ಎಂದೂ ಕೇಳಿರಿ. ಕೈಕಡ್ಡಿಯಲ್ಲೂ ಗಾಜಿನ ಪುಡಿ ಏಳುತ್ತದೆ. ಅದನ್ನು ಬಾಯಿಂದ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಕಣ್ಣಿಗೆ ಕನ್ನಡಕ ಇರಲೇಬೇಕು. ಟಫನ್ಡ್ ಗಾಜನ್ನಂತೂ ಮುಟ್ಟಬೇಡಿ, ಆಳವಾಗಿ ಕೊರೆದರೆ ಇಡೀ ಹಾಳೆ ಒಮ್ಮೆಲೇ ಪುಡಿಯಾದೀತು.

ಇಂದು ಐದು ಕಡ್ಡಿ ತಂದಿದ್ದೇನೆ, ಚಿತ್ರಕಲೆಯ ಸರ್ ಕೈಗೆ ಕೊಡುತ್ತೇನೆ. ಸಮಿತಿಯವರಲ್ಲಿ ಒಂದು ವಿನಂತಿ. ದಾನಿಗಳ ಹೆಸರಿನ ಗಾಜಿನ ಫಲಕವನ್ನು ಪೇಟೆಯಲ್ಲಿ ಮಾಡಿಸಬೇಡಿ, ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಬಿಡಿ. ಮೊದಮೊದಲ ಅಕ್ಷರ ಸೊಟ್ಟಗಾದಾವು. ಅದಕ್ಕೇ ನನ್ನ ಹೆಸರಿನಿಂದ ಶುರು ಮಾಡಲಿ.